ತೂಗುವ ಕೈಯಿಲ್ಲದ ಉಯ್ಯಾಲೆ

ಚದುರಂಗರ ಕಾದಂಬರಿ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ರಾಜ್‌ಕುಮಾರ್–ಕಲ್ಪನಾ–ಅಶ್ವಥ್ ಅಭಿನಯ. 1969ರ ಕಪ್ಪು–ಬಿಳುಪು ಚಿತ್ರ ‘ಉಯ್ಯಾಲೆ’ ಖಳನಾಯಕನೇ ಇಲ್ಲದ ಒಂದು ಮನೆಯ ಕಥೆ.

ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿ ಕಾಡಿನ ರಸ್ತೆ ಹಿಡಿದು ಹೊರಟರೆ ಕೊನೆಗೆ ಎದುರಾಗುವುದು ಕಾವೇರಿ. ಅದರ ದಡದಲ್ಲಿ ಮುತ್ತತ್ತಿ. ಸುತ್ತ ಗುಡ್ಡ, ನಡುವೆ ಬಂಡೆಗಳನ್ನು ಬಳಸಿಕೊಂಡು ಹರಿಯುವ ಹೊಳೆ. ಮೇಲಿನಿಂದ ಶಾಂತವಾಗಿ ಕಂಡರೂ ಒಳಗೊಳಗೇ ಸುಳಿಯಿರುವ ನೀರು ಇದು. ಈಜು ಬಲ್ಲವರನ್ನೂ ಬಲಿ ತೆಗೆದುಕೊಂಡ ಮಡುಗಳು ಇಲ್ಲಿವೆ. ದಡದ ಮೇಲೆ ಆಂಜನೇಯನ ಗುಡಿ.

ಈ ಊರಿಗೆ ಹೆಸರು ಬಂದ ಕಥೆ ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳಿಗೂ ಗೊತ್ತು. ಸೀತಾದೇವಿ ಇಲ್ಲಿ ಹೊಳೆಗೆ ಇಳಿದು ಸ್ನಾನ ಮಾಡುತ್ತಿದ್ದಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ. ಆಕೆಯ ದುಃಖ ನೋಡಲಾರದೆ ಹನುಮಂತ ತನ್ನ ಬಾಲವನ್ನು ಮಡುವಿಗೆ ಇಳಿಬಿಟ್ಟು, ತಳವನ್ನೆಲ್ಲ ತಡಕಿ ಮುತ್ತನ್ನು ಎತ್ತಿ ತಂದುಕೊಟ್ಟನಂತೆ. ಮುತ್ತು ಎತ್ತಿದ ರಾಯ ಮುತ್ತೆತ್ತಿರಾಯನಾದ, ಊರು ಮುತ್ತತ್ತಿಯಾಯಿತು. ಮಂಡ್ಯ, ರಾಮನಗರ, ಚಾಮರಾಜನಗರದ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬ ಮುತ್ತುರಾಜನೋ ಮುತ್ತಮ್ಮನೋ ಮುತ್ತೇಗೌಡನೋ ಇರುವುದಕ್ಕೆ ಈ ದೇವರೇ ಕಾರಣ.

ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಇಲ್ಲಿ ಗಂಡ ಇದ್ದಾನೆ, ಹೆಂಡತಿ ಇದ್ದಾಳೆ, ಅವರಿಬ್ಬರ ನಡುವೆ ಮೂರನೆಯವನೊಬ್ಬ ಇದ್ದಾನೆ. ಕಳೆದದ್ದು ಬರಿಯ ಒಡವೆಯಲ್ಲ. ಮೂಗುತಿ ಮುತ್ತೈದೆತನದ ಗುರುತು. ಅದು ಕಳೆದಾಗ ಹುಡುಕಿ ತಂದವನು ಗಂಡನಲ್ಲ, ಆ ಮೂರನೆಯವನು. ತಂದುಕೊಟ್ಟು ಕೈಮುಗಿದು ದೂರ ನಿಂತ. ಏನನ್ನೂ ಕೇಳಲಿಲ್ಲ. ಜನ ಅವನಿಗೆ ಗುಡಿ ಕಟ್ಟಿದ್ದು ಅದಕ್ಕೇ ಇರಬೇಕು.

ಈ ದೇವರ ಹೆಸರನ್ನು ಹೊತ್ತ ಒಬ್ಬ ನಟ ಮುಂದೊಂದು ದಿನ ತೆರೆಯ ಮೇಲೆ ಇಂಥದೇ ಮೂರನೆಯವನಾಗಿ ನಿಂತ. ಆದರೆ ಅಲ್ಲಿ ಕಳೆದದ್ದು ಮೂಗುತಿಯಷ್ಟು ಸುಲಭವಾಗಿ ಹುಡುಕಿ ಕೊಡುವಂಥದ್ದಾಗಿರಲಿಲ್ಲ.

ಮುತ್ತುರಾಜನೆಂಬ ಮೂರನೆಯವನು

ಇಂದು ತಮಿಳುನಾಡಿಗೆ ಸೇರಿರುವ ಗಡಿನಾಡಿನ ಗಾಜನೂರಿನ ಕಲಾವಿದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮತ್ತು ಲಕ್ಷ್ಮಮ್ಮ ದಂಪತಿಗೆ 1929ರ ಏಪ್ರಿಲ್ 24ರಂದು ಹುಟ್ಟಿದ ಮಗನಿಗೆ ಇಟ್ಟ ಹೆಸರು ಮುತ್ತುರಾಜ. ಮುತ್ತತ್ತಿರಾಯನ ಮೇಲಿನ ಭಕ್ತಿಯಿಂದ ಇಟ್ಟ ಹೆಸರು ಅದು. ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ಆ ಹುಡುಗ 1954ರಲ್ಲಿ ‘ಬೇಡರ ಕಣ್ಣಪ್ಪ’ನಾದಾಗ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ರಾಜ್‌ಕುಮಾರ್ ಎಂದು ಹೆಸರು ಬದಲಿಸಿದರು. ಮುಂದಿನದು ನಾಡಿಗೆಲ್ಲ ತಿಳಿದ ಚರಿತ್ರೆ.

1960ರ ದಶಕ ಮುಗಿಯುವ ಹೊತ್ತಿಗೆ ರಾಜ್ ಏನೇನಲ್ಲ ಆಗಿದ್ದರು! ಭಕ್ತರಾಗಿದ್ದರು, ರಾಜರಾಗಿದ್ದರು, ಸತ್ಯ ಹರಿಶ್ಚಂದ್ರನಾಗಿದ್ದರು. 1968ರ ‘ಜೇಡರ ಬಲೆ’ಯಿಂದ ಕೋಟು–ಟೈ ತೊಟ್ಟ ಪತ್ತೇದಾರ ಸಿಐಡಿ 999 ಆಗಿದ್ದರು. 1969ರಲ್ಲೇ ಬಂದ ‘ಮೇಯರ್ ಮುತ್ತಣ್ಣ’ದಲ್ಲಿ ತಮ್ಮ ಹಳೆಯ ಹೆಸರಿನ ನೆನಪು ತರುವ ಹಳ್ಳಿಹೈದನಾಗಿ ಪಟ್ಟಣವನ್ನು ಗೆದ್ದರು. ಅದೇ ವರ್ಷ, ಇವೆಲ್ಲದರ ಪಕ್ಕದಲ್ಲಿ, ಸದ್ದಿಲ್ಲದೆ ಬಂದ ಚಿತ್ರ ‘ಉಯ್ಯಾಲೆ’. ಇಲ್ಲಿ ಅವರು ಗೆಲ್ಲುವ ನಾಯಕನಲ್ಲ. ಇನ್ನೊಬ್ಬರ ಮನೆಗೆ ಬಂದು, ಆ ಮನೆಯ ಗೃಹಿಣಿಯ ಒಂಟಿತನವನ್ನು ಕಂಡು, ಅದರೊಳಗೆ ತಾನೂ ಸಿಲುಕಿಕೊಳ್ಳುವ ಕೃಷ್ಣೇಗೌಡ.

ಕಥೆಯ ಎಳೆ ಸರಳ. ಶೇಷಗಿರಿ ಓದು–ಬರಹದಲ್ಲಿ ಮುಳುಗಿದ ಅಧ್ಯಾಪಕ. ಆತನ ಹೆಂಡತಿ ರಾಧಾ. ಗಂಡನಿಗೆ ಪುಸ್ತಕವೇ ಲೋಕ. ಹೆಂಡತಿಗೆ ಗಂಡನೇ ಲೋಕವಾಗಬೇಕಿತ್ತು, ಆದರೆ ಆ ಲೋಕದ ಬಾಗಿಲು ಮುಚ್ಚಿದೆ. ಅಲ್ಲಿಗೆ ಕೃಷ್ಣೇಗೌಡ ಬರುತ್ತಾನೆ. ಮಾತನಾಡಿಸುತ್ತಾನೆ. ಮಾತಿಗೆ ಮಾತು ಸೇರುತ್ತದೆ. ಮನಸ್ಸು ತೂಗತೊಡಗುತ್ತದೆ. ಮುಂದೇನಾಯಿತೆಂಬುದನ್ನು ಚಿತ್ರ ನೋಡದವರಿಗಾಗಿ ಇಲ್ಲಿ ಹೇಳದೆ ಬಿಡುವುದೇ ಲೇಸು.

ಶೇಷಗಿರಿಯಾಗಿ ಕೆ.ಎಸ್. ಅಶ್ವಥ್, ರಾಧೆಯಾಗಿ ಕಲ್ಪನಾ. ರಾಧಾ ಮತ್ತು ಕೃಷ್ಣ ಎಂಬ ಹೆಸರುಗಳನ್ನು ಚದುರಂಗರು ಸುಮ್ಮನೆ ಇಟ್ಟಿರಲಾರರು. ಪುರಾಣದ ರಾಧೆಯೂ ಇನ್ನೊಬ್ಬರ ಮನೆಯ ಗೃಹಿಣಿಯೆಂದೇ ಹೇಳುತ್ತಾರೆ. ದೇವರ ಕಥೆಯಲ್ಲಿ ನಾವು ಪೂಜಿಸುವ ಅನುರಾಗವನ್ನು ಪಕ್ಕದ ಮನೆಯಲ್ಲಿ ಕಂಡರೆ ಏನೆನ್ನುತ್ತೇವೆ ಎಂಬ ಪ್ರಶ್ನೆ ಆ ಎರಡು ಹೆಸರುಗಳಲ್ಲೇ ಅಡಗಿದೆ. ಅದರ ಜೊತೆಗೆ ಬಾಲಕ್ಕೆ ಒಂದು ‘ಗೌಡ’. ಮಂಡ್ಯ, ಮದ್ದೂರು, ಮಳವಳ್ಳಿಯ ಬೀದಿಯಲ್ಲಿ ನಿಂತು “ಕೃಷ್ಣೇಗೌಡ್ರೇ” ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಮಣ್ಣಿನ ವಾಸನೆಯ ಆ ಹೆಸರು ಪುಸ್ತಕದ ವಾಸನೆಯ ಶೇಷಗಿರಿಯ ಮನೆಯೊಳಗೆ ಕಾಲಿಟ್ಟಿತು ಎಂಬುದರಲ್ಲೇ ಎರಡು ಜೀವನಕ್ರಮಗಳ ಭೇಟಿಯಿದೆ.

‘ಕುಡಿಯಲ್ಲ, ಹೊಡೆಯಲ್ಲ, ಇನ್ನೇನು ಬೇಕು?’

ನಮ್ಮ ಸಿನಿಮಾಗಳಲ್ಲಿ ಸಂಸಾರ ಹಾಳಾಗಬೇಕಾದರೆ ಒಬ್ಬ ದುಷ್ಟ ಬೇಕು. ಕುಡುಕ ಗಂಡ, ಘಟವಾಣಿ ಅತ್ತೆ, ಚಾಡಿ ಹೇಳುವ ನಾದಿನಿ, ಬಣ್ಣದ ಮಾತಿನ ಮೋಸಗಾರ. ಇವರಲ್ಲಿ ಯಾರಾದರೊಬ್ಬರು ಇದ್ದರೆ ಪ್ರೇಕ್ಷಕನಿಗೆ ನೆಮ್ಮದಿ. ತಪ್ಪು ಯಾರದೆಂದು ಗೊತ್ತಾಗುತ್ತದೆ. ಕೊನೆಯ ರೀಲಿನಲ್ಲಿ ಅವರು ಪಶ್ಚಾತ್ತಾಪಪಟ್ಟರೆ ಮನೆ ಸರಿಹೋಗುತ್ತದೆ.

‘ಉಯ್ಯಾಲೆ’ಯಲ್ಲಿ ಈ ನೆಮ್ಮದಿ ಇಲ್ಲ. ಶೇಷಗಿರಿ ಕೆಟ್ಟವನಲ್ಲ. ಅವನ ಬಗ್ಗೆ ರಾಧೆ ತವರಿಗೆ ಹೋಗಿ ದೂರಿದರೆ ಹಿರಿಯರು ಏನೆನ್ನುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. “ಕುಡಿತಾನಾ? ಇಲ್ಲ. ಕೈ ಮಾಡ್ತಾನಾ? ಇಲ್ಲ. ಸಂಬಳ ತಂದು ಕೊಡ್ತಾನಾ? ಕೊಡ್ತಾನೆ. ಇನ್ನೇನೇ ಬೇಕು ನಿಂಗೆ? ದೊಡ್ಡ ವಿದ್ವಾಂಸ, ಪುಣ್ಯ ಮಾಡಿದ್ದೆ ಅಂಥ ಗಂಡ ಸಿಗೋಕೆ. ಹೊಂದಿಕೊಂಡು ಹೋಗು.” ಈ ಮಾತುಗಳನ್ನು ಕೇಳದ ಹೆಣ್ಣುಮಕ್ಕಳು ನಮ್ಮಲ್ಲಿ ವಿರಳ. ‘ಇನ್ನೇನು ಬೇಕು?’ ಎಂಬ ಪ್ರಶ್ನೆಗೆ ಉತ್ತರ ಹೇಳಲು ರಾಧೆಗೆ ಪದಗಳೇ ಇಲ್ಲ. ಹೊಡೆತದ ಗಾಯವನ್ನು ತೋರಿಸಬಹುದು. ನನ್ನನ್ನು ಯಾರೂ ನೋಡುತ್ತಿಲ್ಲ, ನನ್ನ ಮಾತು ಯಾರ ಕಿವಿಗೂ ಬೀಳುತ್ತಿಲ್ಲ ಎಂಬುದನ್ನು ತೋರಿಸುವುದು ಹೇಗೆ?

ಈ ಚಿತ್ರದ ನಿಜವಾದ ಧೈರ್ಯ ಇಲ್ಲಿದೆ. ಪರಪುರುಷನ ಕಡೆಗೆ ವಾಲುವ ಮನಸ್ಸನ್ನು ತೋರಿಸಿದ್ದು ದೊಡ್ಡ ಸಾಹಸವೆಂದು ಎಷ್ಟೋ ಮಂದಿ ಹೇಳಿದ್ದಾರೆ, ನಿಜ. ಅದಕ್ಕಿಂತ ದೊಡ್ಡದು, ಒಳ್ಳೆಯವನೆನಿಸಿಕೊಂಡ ಗಂಡನ ಮನೆಯಲ್ಲೂ ಹೆಂಡತಿ ಬತ್ತಿ ಹೋಗಬಹುದೆಂಬ ಮಾತನ್ನು ಕನ್ನಡದ ಮಧ್ಯಮ ವರ್ಗದ ಎದುರು ಇಟ್ಟದ್ದು.

ನಮ್ಮ ಪರಂಪರೆಯಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. ಮಿಥಿಲೆಯ ವಾಚಸ್ಪತಿ ಮಿಶ್ರರು ಶಂಕರರ ಬ್ರಹ್ಮಸೂತ್ರ ಭಾಷ್ಯಕ್ಕೆ ವ್ಯಾಖ್ಯಾನ ಬರೆಯುತ್ತ ಕುಳಿತರು. ವರ್ಷಗಳು ಉರುಳಿದವು. ದಿನವೂ ಸಂಜೆ ಒಂದು ಕೈ ಬಂದು ದೀಪಕ್ಕೆ ಎಣ್ಣೆ ಹಾಕಿ ಹೋಗುತ್ತಿತ್ತು. ಗ್ರಂಥ ಮುಗಿದ ದಿನ ತಲೆಯೆತ್ತಿ ನೋಡಿ, “ನೀನು ಯಾರು?” ಎಂದು ಕೇಳಿದರಂತೆ. ಆಕೆ ಅವರ ಹೆಂಡತಿ ಭಾಮತಿ. ಪಶ್ಚಾತ್ತಾಪಪಟ್ಟ ಪಂಡಿತರು ಆ ವ್ಯಾಖ್ಯಾನಕ್ಕೆ ‘ಭಾಮತೀ’ ಎಂದೇ ಹೆಸರಿಟ್ಟರು. ಈ ಕಥೆಯನ್ನು ನಾವು ಹೇಳುವುದು ವಿದ್ವಾಂಸನ ತಪಸ್ಸನ್ನೂ ಹೆಂಡತಿಯ ತ್ಯಾಗವನ್ನೂ ಕೊಂಡಾಡುವುದಕ್ಕೆ. ಆದರೆ ಅಷ್ಟು ವರ್ಷ ಎಣ್ಣೆ ಹಾಕಿದ ಆ ಕೈಯ ಒಡತಿ ರಾತ್ರಿ ಒಳಮನೆಗೆ ಹಿಂತಿರುಗಿದ ಮೇಲೆ ಏನು ಯೋಚಿಸುತ್ತಿದ್ದಳು? ಕಥೆ ಅದನ್ನು ಹೇಳುವುದಿಲ್ಲ. ‘ಉಯ್ಯಾಲೆ’ಯನ್ನು ಭಾಮತಿಯ ಕಡೆಯಿಂದ ಹೇಳಿದ ಕಥೆಯೆಂದು ನೋಡಬಹುದು. ಗ್ರಂಥಕ್ಕೆ ಹೆಂಡತಿಯ ಹೆಸರು ಇಟ್ಟರೆ ಎಲ್ಲವೂ ಸರಿಹೋಯಿತೇ ಎಂದು ಅದು ಕೇಳುತ್ತದೆ.

ಮಾತು, ಮೌನ, ಕಾಗದ

ಚದುರಂಗ ಎಂಬುದು ಎಂ. ಸುಬ್ರಹ್ಮಣ್ಯರಾಜ ಅರಸು ಅವರ ಕಾವ್ಯನಾಮ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. 1916ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡರು. ‘ವೈಶಾಖ’ ಕಾದಂಬರಿಗೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಹಿತಿಗಳು ಸಿನಿಮಾದಿಂದ ಮಾರು ದೂರ ನಿಲ್ಲುತ್ತಿದ್ದ ಕಾಲದಲ್ಲಿ ಕ್ಯಾಮೆರಾದ ಹಿಂದೆಯೂ ನಿಂತವರು ಅವರು. ತಮ್ಮದೇ ಕಾದಂಬರಿ ‘ಸರ್ವಮಂಗಳ’ವನ್ನು 1968ರಲ್ಲಿ ತಾವೇ ನಿರ್ದೇಶಿಸಿದರು, ಅದರಲ್ಲೂ ರಾಜ್ ಮತ್ತು ಕಲ್ಪನಾ ಜೋಡಿ. ಮರುವರ್ಷ ‘ಉಯ್ಯಾಲೆ’ ತೆರೆಗೆ ಬಂದಾಗ ನಿರ್ದೇಶನದ ಹೊಣೆ ಎನ್. ಲಕ್ಷ್ಮೀನಾರಾಯಣ್ ಅವರದು.

ಲಕ್ಷ್ಮೀನಾರಾಯಣ್ ಅವರ ಹೆಸರು ಇಂದಿನ ಪ್ರೇಕ್ಷಕರಿಗೆ ಅಷ್ಟಾಗಿ ಪರಿಚಯವಿಲ್ಲ. ಬಾಲಕ ಪುನೀತ್ ಅಭಿನಯದ ‘ಬೆಟ್ಟದ ಹೂವು’ (1985) ಎಂದರೆ ಮಾತ್ರ “ಓ ಅವರಾ?” ಎನ್ನುತ್ತಾರೆ. ಆದರೆ ಹೊಸ ಅಲೆ ಎಂಬ ಮಾತು ಕನ್ನಡದಲ್ಲಿ ಬಳಕೆಗೆ ಬರುವ ಮೊದಲೇ, ಜನಪ್ರಿಯ ನಟರನ್ನು ಇಟ್ಟುಕೊಂಡೇ ಬೇರೆ ಬಗೆಯ ಸಿನಿಮಾ ಮಾಡಲು ಹೊರಟವರು ಅವರು. 1964ರ ಅವರ ಮೊದಲ ಚಿತ್ರ ‘ನಾಂದಿ’. ಅದರಲ್ಲಿ ಮಾತು ಬಾರದ, ಕಿವಿ ಕೇಳದ ಹೆಣ್ಣಿನ ಕೈಹಿಡಿದು ಬಾಳು ಕಟ್ಟುವ ಶಾಲಾ ಮಾಸ್ತರನಾಗಿ ರಾಜ್, ಆ ಹೆಂಡತಿಯಾಗಿ ಹರಿಣಿ ಅಭಿನಯಿಸಿದ್ದರು. 1973ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ‘ಅಬಚೂರಿನ ಪೋಸ್ಟಾಫೀಸು’ ಮಾಡಿದರು. ಅದು ಊರವರ ಕಾಗದಗಳನ್ನು ಗುಟ್ಟಾಗಿ ಓದುವ ಚಟ ಹತ್ತಿಸಿಕೊಂಡ ಬೋಬಣ್ಣನ ಕಥೆ.

ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ನಿರ್ದೇಶಕನ ಮನಸ್ಸಿನಲ್ಲಿ ಕಾಡುತ್ತಿದ್ದುದು ಏನೆಂದು ತಿಳಿಯುತ್ತದೆ. ‘ನಾಂದಿ’ಯ ಹೆಂಡತಿಗೆ ಮಾತಿಲ್ಲ, ಆದರೆ ಅರ್ಥಮಾಡಿಕೊಳ್ಳಲು ಬಯಸುವ ಗಂಡ ಇದ್ದಾನೆ. ‘ಉಯ್ಯಾಲೆ’ಯ ಹೆಂಡತಿಗೆ ಮಾತು ಇದೆ, ಕೇಳುವ ಗಂಡ ಇಲ್ಲ. ‘ಅಬಚೂರಿ’ನಲ್ಲಿ ಇನ್ನೊಬ್ಬರಿಗೆ ಸೇರಬೇಕಾದ ಮಾತು ತಪ್ಪು ಕೈಗೆ ಸಿಕ್ಕಿ ಬಾಳು ಕದಡುತ್ತದೆ. ಒಬ್ಬರ ಮಾತು ಇನ್ನೊಬ್ಬರನ್ನು ಮುಟ್ಟುವುದು ಎಷ್ಟು ಕಷ್ಟ ಎಂಬುದೇ ಲಕ್ಷ್ಮೀನಾರಾಯಣ್ ಅವರಿಗೆ ಮತ್ತೆ ಮತ್ತೆ ಕಥೆಯಾಯಿತು.

ಮೂವರ ಅಭಿನಯ

ಅಶ್ವಥ್ ಹುಟ್ಟಿದ್ದು 1925ರಲ್ಲಿ. ರಾಜ್‌ಗಿಂತ ನಾಲ್ಕೇ ವರ್ಷ ಹಿರಿಯರು. ಆದರೂ ಕನ್ನಡದ ತೆರೆ ಅವರನ್ನು ಬಹು ಬೇಗ ತಂದೆಯ ಪಾತ್ರಕ್ಕೆ ಕೂರಿಸಿಬಿಟ್ಟಿತು. ‘ನಾಗರಹಾವು’ (1972) ಚಿತ್ರದ ಚಾಮಯ್ಯ ಮೇಷ್ಟ್ರಾಗಿ ಅವರು ನಾಡಿನ ಮನೆಮನೆಯ ಗುರುಗಳಾದರು. ಚಾಮಯ್ಯ ಮೇಷ್ಟ್ರು ಮಮತೆಯಿಂದ ತುಂಬಿ ತುಳುಕುವ ಅಧ್ಯಾಪಕ; ಶೇಷಗಿರಿ ಮಮತೆಯನ್ನು ತೋರಲು ಮರೆತ ಅಧ್ಯಾಪಕ. ಎರಡನ್ನೂ ಒಬ್ಬರೇ ನಟ ಮಾಡಿದ್ದಾರೆ. ಶೇಷಗಿರಿಯನ್ನು ಅಶ್ವಥ್ ಅವರಿಗೆ ಕೊಟ್ಟದ್ದರಿಂದಲೇ ಚಿತ್ರ ಉಳಿಯಿತು ಎನ್ನಬೇಕು. ಕಣ್ಣಲ್ಲಿ ಕೇಡು ಇಲ್ಲದ, ಗೌರವ ಹುಟ್ಟಿಸುವ ಆ ಮುಖವನ್ನು ನೋಡಿ ಪ್ರೇಕ್ಷಕ ಸಿಟ್ಟು ಮಾಡಿಕೊಳ್ಳಲಾರ. ಸಿಟ್ಟಾಗಲು ಬಿಡದಿರುವುದೇ ಇಲ್ಲಿ ಮುಖ್ಯ.

ಕಲ್ಪನಾ ಅವರದು ಇನ್ನೊಂದು ವಿಶೇಷ. 1963ರಲ್ಲಿ ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ಬಂದ ಅವರು ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಹೊತ್ತಿಗೆ ಮನೆಮಾತಾಗಿದ್ದರು. ‘ಗೆಜ್ಜೆಪೂಜೆ’, ‘ಶರಪಂಜರ’ಗಳಲ್ಲಿ ಅವರ ನೋವು ಸ್ಫೋಟಿಸುವ ರೀತಿ ಎಲ್ಲರಿಗೂ ನೆನಪಿದೆ. ರಾಧೆಯ ನೋವು ಸ್ಫೋಟಿಸುವಂಥದ್ದಲ್ಲ, ಒಳಗೇ ಕೊರೆಯುವಂಥದ್ದು. ಅತ್ತು ಕರೆದು ರಂಪ ಮಾಡಲು ಆಕೆಗೆ ಕಾರಣವೇ ಸಿಗುವುದಿಲ್ಲ. ಮುಂದೆ ‘ಮಿನುಗುತಾರೆ’ ಎನಿಸಿಕೊಂಡು, 1979ರಲ್ಲಿ ಅಕಾಲದಲ್ಲಿ ಕಣ್ಮರೆಯಾದ ಈ ನಟಿಯ ಹಿಡಿತದ ಅಭಿನಯ ನೋಡಬೇಕೆನ್ನುವವರು ಈ ಚಿತ್ರವನ್ನು ಹುಡುಕಬೇಕು.

ಇನ್ನು ರಾಜ್. ಈ ಪಾತ್ರಕ್ಕೆ ಅವರನ್ನು ಆರಿಸಿದ್ದರಲ್ಲಿ ಒಂದು ಜಾಣತನವಿದೆ, ಒಂದು ಮಿತಿಯೂ ಇದೆ. ಬೇರೆ ನಟನೊಬ್ಬ ಇನ್ನೊಬ್ಬನ ಹೆಂಡತಿಯ ಮುಂದೆ ಹೀಗೆ ನಿಂತಿದ್ದರೆ 1969ರ ಸಭಿಕರು, ಅದರಲ್ಲೂ ಸಂಸಾರ ಸಮೇತ ಬಂದವರು, ಮುಖ ಸಿಂಡರಿಸಿ ಎದ್ದುಹೋಗುತ್ತಿದ್ದರೋ ಏನೋ. ರಾಜ್ ಎಂದರೆ ಭರವಸೆ. ಈತ ಕೆಟ್ಟದ್ದು ಬಯಸಲಾರ ಎಂಬ ನಂಬಿಕೆ ಟೆಂಟ್ ಸಿನಿಮಾದ ನೆಲದಲ್ಲಿ ಕುಳಿತವನಿಂದ ಹಿಡಿದು ನಗರದ ಬಾಲ್ಕನಿಯವರೆಗೆ ಎಲ್ಲರದೂ ಆಗಿತ್ತು. ಆ ನಂಬಿಕೆಯ ಬಲದಿಂದಲೇ ಪ್ರೇಕ್ಷಕ ರಾಧೆಯ ಮನಸ್ಸಿನೊಳಗೆ ಇಣುಕಲು ಒಪ್ಪಿದ. ಮುತ್ತೆತ್ತಿರಾಯನ ಕಥೆಯಲ್ಲಿ ಮೂರನೆಯವನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲವಲ್ಲ, ಹಾಗೆ.

ಮಿತಿಯೂ ಅದೇ. ರಾಜ್ ತೆರೆಯ ಮೇಲೆ ಇದ್ದಾರೆಂದರೆ ಪ್ರೇಕ್ಷಕನ ಕಣ್ಣು ಅವರ ಕಡೆಗೇ ಹೋಗುತ್ತದೆ. ಈತ ಏನು ಮಾಡುತ್ತಾನೆ, ತನ್ನನ್ನು ಹೇಗೆ ಕಾಯ್ದುಕೊಳ್ಳುತ್ತಾನೆ ಎಂಬುದೇ ಕಥೆಯಾಗುವ ಅಪಾಯ ಇರುತ್ತದೆ. ರಾಧೆಯ ಕಥೆ ಮೂರನೆಯವನ ಗುಣಪರೀಕ್ಷೆಯ ಕಥೆಯಾಗಿಬಿಟ್ಟರೆ ಆಕೆ ಮತ್ತೊಮ್ಮೆ ಕಾಣದಂತಾಗುತ್ತಾಳೆ. ಕಲ್ಪನಾ ಇದ್ದುದರಿಂದ ಹಾಗಾಗಲಿಲ್ಲ.

ಕಲ್ಕತ್ತೆಯ ಉಯ್ಯಾಲೆ, ನಮ್ಮ ಉಯ್ಯಾಲೆ

ಸಿನಿಮಾ ಬಲ್ಲವರಿಗೆ ಇಷ್ಟು ಹೊತ್ತಿಗೆ ಇನ್ನೊಂದು ಚಿತ್ರ ನೆನಪಾಗಿರುತ್ತದೆ. ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964). ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ ‘ನಷ್ಟನೀಡ’ ಅದಕ್ಕೆ ಮೂಲ. ಅಲ್ಲಿನ ಗಂಡ ಭೂಪತಿಗೆ ತನ್ನ ಪತ್ರಿಕೆಯೇ ಪ್ರಾಣ. ಹೆಂಡತಿ ಚಾರು ದೊಡ್ಡ ಮನೆಯಲ್ಲಿ ಕಿಟಕಿಯಿಂದ ಕಿಟಕಿಗೆ ಅಲೆಯುತ್ತ, ದುರ್ಬೀನಿನಲ್ಲಿ ಬೀದಿ ನೋಡುತ್ತ ಹೊತ್ತು ಕಳೆಯುತ್ತಾಳೆ. ಒಮ್ಮೆ ಗಂಡ ಪಕ್ಕದಲ್ಲೇ ಹಾದುಹೋದರೂ ಆಕೆಯನ್ನು ಗಮನಿಸುವುದಿಲ್ಲ. ಆಕೆ ಅದೇ ದುರ್ಬೀನು ಎತ್ತಿ ಅವನನ್ನೂ ದೂರದ ವಸ್ತುವಿನಂತೆ ನೋಡುತ್ತಾಳೆ. ಗಂಡನ ತಮ್ಮನ ವರಸೆಯ ಅಮಲ್ ಮನೆಗೆ ಬರುತ್ತಾನೆ. ತೋಟದಲ್ಲಿ ಚಾರು ಉಯ್ಯಾಲೆಯ ಮೇಲೆ ಕುಳಿತು ತೂಗಿಕೊಳ್ಳುವ, ಅವಳ ಮುಖದ ಜೊತೆಗೆ ಕ್ಯಾಮೆರಾವೂ ತೂಗುವ ದೃಶ್ಯ ಭಾರತೀಯ ಸಿನಿಮಾದ ಹೆಸರಾಂತ ದೃಶ್ಯಗಳಲ್ಲೊಂದು. ಈ ಚಿತ್ರಕ್ಕೆ 1965ರ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶಕನ ಬೆಳ್ಳಿಕರಡಿ ಸಿಕ್ಕಿತು.

ಎರಡನ್ನೂ ಹೋಲಿಸಿ ಯಾರು ಮೇಲು ಎಂದು ತಕ್ಕಡಿ ಹಿಡಿಯಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸುವಂಥದ್ದು. ಚಾರು ಶ್ರೀಮಂತರ ಮನೆಯವಳು. ಆಕೆಗೆ ಆಳುಕಾಳುಗಳಿದ್ದಾರೆ, ಪುಸ್ತಕಗಳಿವೆ, ಕೊನೆಗೆ ಬರವಣಿಗೆಯೂ ಕೈಹಿಡಿಯುತ್ತದೆ. ಅವಳ ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದಲ್ಲಿ. ನೋಡುವವನಿಗೆ ಅದು ಹಳೆಯ ಕಾಲದ ಮಾತು ಎಂಬ ಒಂದು ತಡಿಕೆ ಇದೆ. ನಮ್ಮ ರಾಧೆ ಸಂಬಳದ ಮನೆಯವಳು. ಚಿತ್ರ ನೋಡಿ ಹೊರಬಂದ ಹೆಂಗಸಿಗೆ, ಇದು ನಮ್ಮ ಬೀದಿಯ, ನಮ್ಮ ಕಾಲದ ಮನೆಯೆಂದು ಅನಿಸದೆ ಇರಲಾರದು.

ಹಳೆಯ ಮನೆಗಳ ಹಜಾರದಲ್ಲಿ ತೂಗುಮಣೆ ಇರುತ್ತಿತ್ತು. ಮದುವೆಯಲ್ಲಿ ವಧೂವರರನ್ನು ಉಯ್ಯಾಲೆಯ ಮೇಲೆ ಜೊತೆಯಾಗಿ ಕೂರಿಸಿ, ಸುಮಂಗಲಿಯರು ಹಾಡು ಹೇಳುತ್ತ ತೂಗುವ ಪದ್ಧತಿ ಹಲವರಲ್ಲಿದೆ. ಜೊತೆಯಾಗಿ ಕುಳಿತಾಗ ಅದು ಸುಖದ ಚಿತ್ರ. ಒಬ್ಬರೇ ಕುಳಿತಾಗ? ಉಯ್ಯಾಲೆ ಎಷ್ಟು ತೂಗಿದರೂ ಮುಂದಕ್ಕೆ ಹೋದಷ್ಟೇ ಹಿಂದಕ್ಕೂ ಬರುತ್ತದೆ, ಇದ್ದಲ್ಲೇ ಇರುತ್ತದೆ. ಮನೆಗೂ ಮನಸ್ಸಿಗೂ ನಡುವೆ ತೂಗುವ ರಾಧೆಯ ಬಾಳಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ.

ಕಾನೂನಿಗೂ ಕಾಣದ ನೋವು

ಒಂದು ಕ್ಷಣ ಸಿನಿಮಾ ಬಿಟ್ಟು ಆ ಕಾಲದ ಕಾನೂನನ್ನು ನೋಡೋಣ. 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ದಾರಿ ತೆರೆದಿತ್ತು ನಿಜ. ಆದರೆ ಆಗ ಕ್ರೌರ್ಯ ಎಂಬುದು ಬೇರೆ ಬೇರೆ ವಾಸಿಸಲು ಅನುಮತಿ ಪಡೆಯುವುದಕ್ಕೆ ಮಾತ್ರ ಕಾರಣವಾಗಿತ್ತು, ವಿಚ್ಛೇದನಕ್ಕೆ ಆಗಿರಲಿಲ್ಲ. ಅದು ಸೇರಿದ್ದು 1976ರ ತಿದ್ದುಪಡಿಯಲ್ಲಿ. ಗಂಡ–ಹೆಂಡತಿ ಪರಸ್ಪರ ಒಪ್ಪಿ ಬೇರೆಯಾಗುವ ಅವಕಾಶ ಬಂದದ್ದೂ ಆಗಲೇ. ಅಂದರೆ 1969ರ ರಾಧೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರೂ ಹೇಳಿಕೊಳ್ಳಲು ಆಕೆಗೆ ಕಾರಣವೇ ಇರಲಿಲ್ಲ.

ಇನ್ನೊಂದು ಕಡೆ ನೋಡಿ. ಭಾರತೀಯ ದಂಡಸಂಹಿತೆಯ 497ನೇ ಕಲಮಿನ ಪ್ರಕಾರ ಇನ್ನೊಬ್ಬನ ಹೆಂಡತಿಯೊಡನೆ ಸಂಬಂಧ ಬೆಳೆಸಿದ ಗಂಡಸಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಿತ್ತು. ದೂರು ಕೊಡುವ ಹಕ್ಕು ಗಂಡನದು. ಹೆಂಡತಿಗೆ ಶಿಕ್ಷೆ ಇರಲಿಲ್ಲ. ಮೇಲುನೋಟಕ್ಕೆ ಕರುಣೆಯಂತೆ ಕಂಡರೂ, ಆಕೆಯನ್ನು ಗಂಡನ ಸ್ವತ್ತಿನಂತೆ ನೋಡಿದ ಕಾನೂನು ಅದು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ತೆಗೆದುಹಾಕಿತು. ಹೀಗೆ ಆ ಮೂವರಲ್ಲಿ ಶೇಷಗಿರಿಯ ಹಕ್ಕಿಗೆ ಒಂದು ಕಲಮು ಇತ್ತು. ಕೃಷ್ಣೇಗೌಡನ ತಪ್ಪಿಗೆ ಒಂದು ಕಲಮು ಇತ್ತು. ರಾಧೆಯ ಒಂಟಿತನಕ್ಕೆ ಮಾತ್ರ ಯಾವ ಪುಸ್ತಕದಲ್ಲೂ ಜಾಗವಿರಲಿಲ್ಲ. ಕಾನೂನಿಗೆ, ಹಿರಿಯರಿಗೆ, ಗಂಡನಿಗೆ ಕಾಣದ್ದನ್ನು ಕಾಣಿಸುವ ಕೆಲಸ ಒಬ್ಬ ಕಾದಂಬರಿಕಾರನಿಗೂ ಒಬ್ಬ ನಿರ್ದೇಶಕನಿಗೂ ಉಳಿಯಿತು.

ಮುಂದೆ ಇದೇ ಹಾದಿಯಲ್ಲಿ ಪುಟ್ಟಣ್ಣ ದೂರ ಸಾಗಿದರು. ತ್ರಿವೇಣಿಯವರ ‘ಶರಪಂಜರ’, ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ (1973) ದಾಂಪತ್ಯದ ಒಳಗುದಿಯನ್ನು ಇನ್ನೂ ತೀವ್ರವಾಗಿ ಹೇಳಿದವು. ಆದರೆ ಅಲ್ಲೆಲ್ಲ ಒಂದು ದೊಡ್ಡ ಕಾರಣವಿದೆ. ಒಂದರಲ್ಲಿ ಮನೋರೋಗ ಮತ್ತು ಗಂಡನ ದ್ರೋಹ; ಇನ್ನೊಂದರಲ್ಲಿ ಗಂಡನ ದೈಹಿಕ ಅಸಹಾಯಕತೆ. ‘ಉಯ್ಯಾಲೆ’ಯಲ್ಲಿ ಅಂಥ ಕಾರಣವೇನೂ ಇಲ್ಲ. ಗಂಡ ತಲೆಯೆತ್ತಿ ನೋಡುವುದಿಲ್ಲ, ಅಷ್ಟೇ. ಅಷ್ಟರಿಂದಲೇ ಒಂದು ಸಂಸಾರ ಸವೆಯಬಲ್ಲದು ಎಂಬುದು ಹೆಚ್ಚು ಸಾಮಾನ್ಯವಾದ, ಆದ್ದರಿಂದಲೇ ಹೆಚ್ಚು ಭಯ ಹುಟ್ಟಿಸುವ ಮಾತು.

ಬಣ್ಣ ಬೇಡದ ಚಿತ್ರ

1964ರಲ್ಲೇ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡಕ್ಕೆ ಪೂರ್ಣ ಬಣ್ಣ ತಂದಿದ್ದರೂ, ಬಣ್ಣದ ಫಿಲ್ಮಿನ ಖರ್ಚು ಭರಿಸಲಾರದೆ ಎಪ್ಪತ್ತರ ದಶಕದ ಆರಂಭದವರೆಗೂ ನಮ್ಮ ನಿರ್ಮಾಪಕರು ಹೆಚ್ಚಾಗಿ ಕಪ್ಪು–ಬಿಳುಪನ್ನೇ ನೆಚ್ಚಿದ್ದರು. ಬಡತನದಿಂದ ಬಂದ ಆ ಗುಣ ಕೆಲವು ಚಿತ್ರಗಳಿಗೆ ವರವಾಯಿತು. ‘ಶರಪಂಜರ’ ನೋಡಿ ಬಂದ ಹೆಂಗಸರು ಕಲ್ಪನಾ ಉಟ್ಟ ಸೀರೆ, ತೊಟ್ಟ ರವಿಕೆಯ ಬಗ್ಗೆಯೂ ಮಾತನಾ‌ಡಿದರು. ಬಣ್ಣದ ಸೆಳೆತವೇ ಅಂಥದ್ದು. ‘ಉಯ್ಯಾಲೆ’ಯಲ್ಲಿ ಕಣ್ಣು ಸೀರೆಯ ಮೇಲೆ ನಿಲ್ಲುವುದಿಲ್ಲ. ನೋಡಲು ಇರುವುದು ಮುಖ ಮಾತ್ರ.

ಹೆಸರಿಗೆ ಕಪ್ಪು–ಬಿಳುಪು ಎನ್ನುತ್ತೇವೆ. ಆದರೆ ಆ ಚಿತ್ರಗಳಲ್ಲಿ ಅಪ್ಪಟ ಕಪ್ಪೂ ಅಪ್ಪಟ ಬಿಳುಪೂ ಕಡಿಮೆ. ನಡುವಿನ ಬೂದುಬಣ್ಣವೇ ಹೆಚ್ಚು. ತಪ್ಪು ಯಾರದೆಂದು ಬೆರಳು ಮಾಡಲಾಗದ ಈ ಕಥೆಗೆ ಅದಕ್ಕಿಂತ ಹೊಂದುವ ಬಣ್ಣ ಯಾವುದಿದೆ? ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂದವು, ಜನ ನುಗ್ಗಿ ನೋಡಿದರು. ‘ಉಯ್ಯಾಲೆ’ಗೆ ಆ ಶೃಂಗಾರ ಬೇಕಾಗಿಲ್ಲ.

ಶೇಷಗಿರಿಯ ಕೈಯಲ್ಲಿದ್ದದ್ದು ಪುಸ್ತಕ. ಇಂದು ಹೆಚ್ಚಿನ ಮನೆಗಳಲ್ಲಿ ಪುಸ್ತಕ ಕಾಣುವುದಿಲ್ಲ. ಮೊಬೈಲು ಇದೆ, ಮುಗಿಯದ ಆಫೀಸಿನ ಕೆಲಸ ಇದೆ. ತಲೆ ತಗ್ಗಿಸಿ ಕುಳಿತವರು ಗಂಡಸರೇ ಆಗಬೇಕೆಂದೂ ಇಲ್ಲ. ಪಕ್ಕದಲ್ಲಿ ಕುಳಿತು ಮಾತಿಗಾಗಿ ಕಾಯುವವರು ಮಾತ್ರ ಹಾಗೆಯೇ ಇದ್ದಾರೆ. ಚಿತ್ರ ಬಂದು ಅರ್ಧ ಶತಮಾನ ದಾಟಿದ ಮೇಲೂ ಅದು ಹಳತಾಗದಿರುವುದಕ್ಕೆ ಇಷ್ಟೇ ಕಾರಣ.

ಮುತ್ತತ್ತಿಯ ಮಡುವಿನಲ್ಲಿ ಬಿದ್ದ ಮುತ್ತನ್ನು ಮೂರನೆಯವನೊಬ್ಬ ಎತ್ತಿಕೊಟ್ಟ; ದಂಪತಿ ನೆಮ್ಮದಿಯಿಂದ ಮುಂದೆ ಸಾಗಿದರು. ರಾಧೆ ಕಳೆದುಕೊಂಡದ್ದನ್ನು ಕೃಷ್ಣೇಗೌಡ ಎಷ್ಟೇ ಒಳ್ಳೆಯವನಾದರೂ ಎತ್ತಿಕೊಡಲಾರ. ಏಕೆಂದರೆ ಅದು ಬಿದ್ದಿರುವುದು ಹೊಳೆಯಲ್ಲಲ್ಲ, ಆಕೆಯ ಮನೆಯ ಹಜಾರದಲ್ಲೇ, ಗಂಡನ ಕುರ್ಚಿಯ ಪಕ್ಕದಲ್ಲೇ. ಬಗ್ಗಿ ಎತ್ತಿಕೊಳ್ಳಬೇಕಾದವನು ಅಲ್ಲೇ ಕುಳಿತಿದ್ದಾನೆ.

ಮಂಡ್ಯದ ಕಡೆ ದಾರಿಯಲ್ಲಿ ಸಿಕ್ಕ ಅಪರಿಚಿತರನ್ನೂ “ಊಟ ಆಯ್ತಾ?” ಎಂದು ಕೇಳುತ್ತಾರೆ. ಕೇಳಿ, ಉತ್ತರಕ್ಕೆ ಒಂದು ಗಳಿಗೆ ನಿಲ್ಲುತ್ತಾರೆ. ಶೇಷಗಿರಿ ಅಷ್ಟು ಮಾಡಿದ್ದರೂ ‘ಉಯ್ಯಾಲೆ’ ಎಂಬ ಕಥೆ ಹುಟ್ಟುತ್ತಿರಲಿಲ್ಲ.